ಹೊಸ ಸಿಲೆಬಸ್ ಟ್ರೈನಿಂಗ್‌ಗೆ ಮೂರು ಸ್ಟಾರ್, ಮೂರೂ ಎರಡನೇ ದಿನಕ್ಕೆ

ನರ್ಸಿಂಗ್ ಪಾಠ ಮಾಡೋರಿಗೆ ಅಂತಾನೇ ಪರಿಷ್ಕೃತ ಸಿಲೆಬಸ್ ಬಗ್ಗೆ ನಡೆಸಿದ ಮೂರು ದಿನದ ಟ್ರೈನಿಂಗ್ ಮುಗಿಸ್ಕೊಂಡು ಬಂದೆ, ಹೋಗೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಮೊದಲನೇ ದಿನ ಪೂರ್ತಿ ಸ್ಲೈಡು. ಹೊಸ ಸಿಲೆಬಸ್ಸಿಂದ ಸ್ಟೂಡೆಂಟ್ಸ್‌ಗೆ ಎಷ್ಟು ಒಳ್ಳೇದು ಅಂತ ಸಂಜೆವರೆಗೂ ಹೇಳಿದ್ರು, ಅದನ್ನ ಅಲ್ಲಿ ಯಾರೂ ಅಲ್ಲ ಅಂದಿರಲಿಲ್ಲ. ನಮ್ಮ ತಲೇಲಿದ್ದಿದ್ದೇ ಬೇರೆ. ಹಳೇ ಬ್ಯಾಚು ಹಳೇ ಸಿಲೆಬಸ್ಸಲ್ಲೇ ಮುಗೀಬೇಕು, ಹೊಸ ಬ್ಯಾಚು ಬಂದಾಯ್ತು, ಎರಡಕ್ಕೂ ಅದೇ ಟೀಚರ್ಸು ಅದೇ ವಾರ್ಡು, ಸ್ಟೂಡೆಂಟ್ಸ್‌ನ ವಾರ್ಡ್ ಪೋಸ್ಟಿಂಗ್ ಹಾಕೋದು ಹೇಗೆ, ಅವರು ಮಾಡಿದ ಕೆಲಸ ಬರೆದಿಡೋ ಲಾಗ್‌ಬುಕ್ ನೋಡಿ ಸೈನ್ ಮಾಡೋಕೆ ಟೈಮ್ ಎಲ್ಲಿದೆ? ಪಕ್ಕದಲ್ಲಿದ್ದ ಹಿರಿಯ ಮೇಡಂ ಒಬ್ರು ವರ್ಷಗಟ್ಟಲೆ ಕೈಯಲ್ಲೇ ಬರೆದಿಟ್ಟ ನೋಟ್ಸ್ ಫೈಲ್ ತಂದಿದ್ರು, ಮೂಲೆ ಸವೆದು ಟೇಪ್ ಅಂಟಿಸಿದ್ದು. "ಇದರಲ್ಲಿ ಎಷ್ಟು ಉಳಿಯುತ್ತಮ್ಮಾ?" ಅಂತ ಮೆಲ್ಲಗೆ ಕೇಳಿದ್ರು.

ಎರಡನೇ ದಿನ ಬೆಳಿಗ್ಗೆ, ಬದಲಾವಣೆ ಬಂದಾಗ ಟೀಚರ್‌ಗೆ ಯಾವ ಚಿಂತೆ ಇದೆ ಅಂತ ತಿಳ್ಕೊಳ್ಳೋ ಒಂದು ಪ್ರಶ್ನಾವಳಿ ಕೊಟ್ರು ನೋಡಿ, ಅಲ್ಲಿಂದ ರೂಮೇ ಬದಲಾಯ್ತು. ಜೀನ್ ಹಾಲ್ ಅನ್ನೋ ಶಿಕ್ಷಣ ಸಂಶೋಧಕರು ಮತ್ತೆ ಜೊತೆಯವರು 1970ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದಂತೆ, 35 ವಾಕ್ಯ, ಒಂದೊಂದಕ್ಕೂ 0 ಇಂದ 7ರವರೆಗೆ ನಂಬರ್ ಹಾಕ್ಬೇಕು. ಹೊಸದೇನೇ ಬಂದ್ರೂ ಟೀಚರ್‌ಗೆ ಮೊದಲು ಬರೋದು ನನ್ನ ಕೈಲಿ ಆಗುತ್ತಾ ಅನ್ನೋ ಚಿಂತೆ, ಆಮೇಲೆ ನಿಭಾಯಿಸೋದು ಹೇಗೆ ಅನ್ನೋದು, ಸ್ಟೂಡೆಂಟ್ಸ್ ಮೇಲೆ ಏನು ಪರಿಣಾಮ ಅನ್ನೋದು ಅದಾದ್ಮೇಲೆ. ನಮ್ಮಲ್ಲಿ ಹೆಚ್ಚಿನವರು ಮೊದಲೆರಡರಲ್ಲೇ ಇದ್ವಿ, ಹಿಂದಿನ ದಿನ ಪೂರ್ತಿ ಮಾತಾಡಿದ್ದು ಮೂರನೇದರ ಬಗ್ಗೆ!

ಮಧ್ಯಾಹ್ನ ಓಸ್ಕಿ (OSCE) ಪರೀಕ್ಷೆ ಮಾಡಿಸಿದ್ರು, ಅಂದ್ರೆ ಒಂದೊಂದು ಸ್ಟೇಷನ್ನಲ್ಲಿ ಒಂದೊಂದು ಕೆಲಸ ಮಾಡಿಸಿ ಚೆಕ್‌ಲಿಸ್ಟ್ ನೋಡಿ ಅಳೆಯೋ ಪ್ರಾಕ್ಟಿಕಲ್, ವೈದ್ಯಕೀಯ ಶಿಕ್ಷಣದ ಹಾರ್ಡನ್ ಅನ್ನೋರು 1975ರಲ್ಲಿ ಪರಿಚಯಿಸಿದ ಪದ್ಧತಿ, ಬೆಲ್ ಹೊಡೆದ ಹಾಗೆ ಮುಂದಿನ ಸ್ಟೇಷನ್‌ಗೆ ಹೋಗೋದು. ಇಂಜೆಕ್ಷನ್ ಸ್ಟೇಷನ್ನಲ್ಲಿ ನಾನೂ ಇನ್ನೊಬ್ರೂ ಒಂದೇ ಹುಡುಗಿನ ನೋಡಿ ಚೆಕ್‌ಲಿಸ್ಟ್ ತುಂಬಿದ್ವಿ, ಕೈ ತೊಳೆದ್ಲು ಅಂತ ಅವರು ಟಿಕ್ ಹಾಕಿದ್ರು, ನಾನು ಹಾಕಿರಲಿಲ್ಲ, ಯಾಕಂದ್ರೆ ಗ್ಲೌಸ್ ಹಾಕೋಕೆ ಮುಂಚೆ ತೊಳೆದಿರಲಿಲ್ಲ. ಇಂಥದ್ದನ್ನ ಕೂತು ಮಾತಾಡಿ ಒಂದು ಮಾಡ್ಕೊಳ್ಳೋದೇ ನಮಗೆ ಬೇಕಾಗಿದ್ದು. ಅರ್ಧ ಗಂಟೆಗೆ ನಿಲ್ಲಿಸಿ ಉಳಿದಿದ್ದು ಕಾಲೇಜಲ್ಲಿ ನೋಡ್ಕೊಳ್ಳಿ ಅಂದ್ಬಿಟ್ರು, ತುಂಬಾ ಬೇಜಾರಾಯ್ತು.

ಮೂರನೇ ದಿನ ಸರ್ಟಿಫಿಕೇಟು, ಫೋಟೋ, ಅಷ್ಟೇ.

ನಡೆಸೋರು ಇದನ್ನ ಓದ್ತಿದ್ರೆ, ದಯವಿಟ್ಟು ಆ ಪ್ರಶ್ನಾವಳಿನ ಮೊದಲನೇ ದಿನಾನೇ ಕೊಡಿ, ಅದರಲ್ಲಿ ಬಂದಿದ್ದು ನೋಡಿ ಮಿಕ್ಕಿದ್ದು ಪ್ಲಾನ್ ಮಾಡಿ. ಹಳೇ ನೋಟ್ಸು ಹೊಸ ಯುನಿಟ್ಟು ಪಕ್ಕಪಕ್ಕ ಇಟ್ಟು ನೋಡೋಕೆ ಒಂದು ಗಂಟೆನಾದ್ರೂ ಇಡಿ. ಆ ಮೇಡಂ ಫೈಲ್ ಬಿಚ್ಚದೇನೇ ವಾಪಸ್ ತಗೊಂಡು ಹೋದ್ರು.