ಪೆನ್ನಿನ ದೋಷಕ್ಕೆ ಬ್ಯಾಟರಿ ಬದಲಿಸಿಕೊಂಡು ಬಂದೆ, ನೀವು ಹೀಗೆ ಮೋಸಹೋಗಬೇಡಿ

ರಾತ್ರಿ ಮುಟ್ಟದೆ ಇಟ್ಟ ಟ್ಯಾಬ್ಲೆಟ್ಟಿನ ಚಾರ್ಜ್ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆಯೇ? ಮೊದಲು ಅದರ ಪಕ್ಕಕ್ಕೆ ಅಂಟಿರುವ ಪೆನ್ನನ್ನು ಕಿತ್ತು ಬೇರೆ ಕಡೆ ಇಡಿ. ಒಂದು ರಾತ್ರಿ ಸಾಕು. ಇಷ್ಟು ಮಾಡದೆ ನಾನು ಆರು ಸಾವಿರ ರೂಪಾಯಿ ಕಳೆದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಏಕೆಂದರೆ ನಾನು ಬಸವೇಶ್ವರನಗರದಲ್ಲಿ ಪಿಯುಸಿ ಮಕ್ಕಳಿಗೆ ಮನೆಪಾಠ ಹೇಳುವವನು. ಅದೂ ಭೌತಶಾಸ್ತ್ರ.

ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ನನ್ನ ಹಳೆಯ ಐಪ್ಯಾಡಿಗೆ ಬ್ಲೂಟೂತ್ ಕೀಬೋರ್ಡ್ ಇರುವ ಕವರ್ ಮತ್ತು ಆಯಸ್ಕಾಂತದಿಂದ ಅಂಟಿಕೊಂಡು ಚಾರ್ಜ್ ಆಗುವ ಪೆನ್ನು ತೆಗೆದುಕೊಂಡೆ. ಐದೂವರೆ ಸಾವಿರ ಹೇಳಿದ, ನಾಲ್ಕು ಸಾವಿರದ ಇನ್ನೂರಕ್ಕೆ ಇಳಿಸಿದೆ. ಗೆದ್ದೆನೆಂದುಕೊಂಡೆ. ಬಿಲ್ಲು ಕೇಳಿದರೆ ಎಂದಿನ ಉತ್ತರ: "ಬಿಲ್ಲು ಬೇಕೆಂದರೆ ಜಿಎಸ್‌ಟಿ ಸೇರುತ್ತದೆ ಸರ್, ನಿಮಗೇ ನಷ್ಟ." ಅಂಗಡಿಯ ಚೀಟಿಯಲ್ಲಿ ಮೊತ್ತ ಬರೆದುಕೊಟ್ಟ. ಜೇಬಿಗೆ ಹಾಕಿಕೊಂಡು ಬಂದೆ.

ಅಂದಿನಿಂದಲೇ ಶುರು. ಮಲಗುವಾಗ 92, ಬೆಳಿಗ್ಗೆ 68. ಇನ್ನೊಂದು ದಿನ 90, ಬೆಳಿಗ್ಗೆ 65. ಬ್ಯಾಟರಿ ಪುಟದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಎಂದು ಹುಡುಕಿದೆ, ಏನೂ ಸಿಗಲಿಲ್ಲ. ಆ ಪಟ್ಟಿಯಲ್ಲಿ ಆ್ಯಪ್‌ಗಳ ಹೆಸರಿರುತ್ತದೆ, ಪಕ್ಕಕ್ಕೆ ಅಂಟಿಕೊಂಡು ಕುಡಿಯುವವರ ಹೆಸರು ಇರುವುದಿಲ್ಲ. ಅಂಗಡಿಗೆ ಫೋನ್ ಮಾಡಿದೆ. "ಬ್ಲೂಟೂತ್ ಆಫ್ ಮಾಡಿ ಮಲಗಿ ಸರ್" ಎಂದ. ಪರದೆಯನ್ನು ಮೇಲಿನಿಂದ ಎಳೆದು ಬ್ಲೂಟೂತ್ ಗುರುತನ್ನು ಒತ್ತಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಆನ್! ಮನೆಯಲ್ಲಿ ಯಾರೋ ಮುಟ್ಟುತ್ತಿದ್ದಾರೆಂದು ಮಗಳನ್ನು ಬೈದೆ. ಪಾಪ, ಅವಳದ್ದೇನೂ ತಪ್ಪಿರಲಿಲ್ಲ. ಅಲ್ಲಿ ಒತ್ತಿದರೆ ಐಪ್ಯಾಡಿನಲ್ಲಿ ಬ್ಲೂಟೂತ್ ಪೂರ್ತಿ ಆರುವುದಿಲ್ಲ, ಬೆಳಗಿನ ಐದು ಗಂಟೆಗೆ ತಾನಾಗಿಯೇ ಮೊದಲಿನಂತಾಗುತ್ತದೆ. ಪೂರ್ತಿ ಆರಿಸಬೇಕಾದರೆ ಸೆಟ್ಟಿಂಗ್ಸ್ ಒಳಗೆ ಹೋಗಬೇಕು. ಇದು ನನಗೆ ತಿಳಿದದ್ದು ಆಮೇಲೆ.

ಟ್ಯಾಬ್ಲೆಟ್ ಹಿಡಿದುಕೊಂಡು ಅಂಗಡಿಗೇ ಹೋದೆ. ಅಲ್ಲಿಯ ಹುಡುಗ ಅದನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಒಂದು ಕೇಬಲ್ ಕೂಡ ಚುಚ್ಚದೆ ಹೇಳಿದ: "ಬ್ಯಾಟರಿ ಹೋಗಿದೆ ಸರ್. ನಾಲ್ಕು ವರ್ಷ ಆಯಿತಲ್ಲವೇ?" ಬ್ಯಾಟರಿ ಹೋಗಿದ್ದರೆ ಹಗಲು ಐದು ಗಂಟೆ ಪಾಠ ಹೇಗೆ ನಡೆಯುತ್ತಿತ್ತು? ಈ ಪ್ರಶ್ನೆ ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ. ಆರು ಸಾವಿರ ಎಂದ, ತಲೆಯಾಡಿಸಿದೆ. ಪರದೆಯನ್ನು ಬಿಸಿ ಮಾಡಿ, ಅಂಟು ಬಿಡಿಸಿ, ಒಂದೂವರೆ ಗಂಟೆಯಲ್ಲಿ ಬ್ಯಾಟರಿ ಬದಲಿಸಿಕೊಟ್ಟ. ಹಳೆಯ ಬ್ಯಾಟರಿ ಕೇಳಿದರೆ, "ಅದು ಸ್ಕ್ರ್ಯಾಪಿಗೆ ಹೋಯಿತು ಸರ್." ಒಂದೂವರೆ ಗಂಟೆಯಲ್ಲೇ?

ಮರುದಿನ ಬೆಳಿಗ್ಗೆ 69.

ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ಶನಿವಾರ ಪೆನ್ನನ್ನು ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಮರೆತು ಬಂದೆ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಟ್ಯಾಬ್ಲೆಟ್ ತೆರೆದರೆ 91 ಇದೆ. ರಾತ್ರಿ 93 ಇತ್ತು. ಲೋಟ ಕೆಳಗಿಟ್ಟೆ. ಸೋಮವಾರ ಪೆನ್ನು ಬಂತು, ಬೇಕೆಂದೇ ಅಂಟಿಸಿ ಮಲಗಿದೆ. ಬೆಳಗಿನ ಜಾವ ಎದ್ದು ಮುಟ್ಟಿ ನೋಡಿದರೆ ಅದರ ಚಪ್ಪಟೆ ಬದಿ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯ ಹಾಗೆ. ತೂತು ಕೊಡಕ್ಕೆ ರಾತ್ರಿಯೆಲ್ಲ ನೀರು ಹೊಯ್ದಂತೆ ಟ್ಯಾಬ್ಲೆಟ್ ಅದಕ್ಕೆ ತುಂಬಿಸುತ್ತಲೇ ಇತ್ತು. ತಂತಿಯಿಲ್ಲದೆ ಒಂದು ಸುರುಳಿಯಿಂದ ಇನ್ನೊಂದು ಸುರುಳಿಗೆ ವಿದ್ಯುತ್ ಹರಿಯುವುದು ಫ್ಯಾರಡೆ 1831ರಲ್ಲಿ ತೋರಿಸಿದ ಪ್ರೇರಣೆಯ ತತ್ವದಿಂದಲೇ. ದ್ವಿತೀಯ ಪಿಯುಸಿ ಪಾಠ. ಈ ವರ್ಷವೂ ಅದನ್ನು ಮಾಡಿದ್ದೇನೆ, ಇದೇ ಪೆನ್ನಿನಲ್ಲಿ ಸುರುಳಿಯ ಚಿತ್ರ ಬರೆದು!

ಮತ್ತೆ ಅಂಗಡಿಗೆ. ಈ ಸಲ ಮಾಲೀಕರೇ ಸಿಕ್ಕರು.

"ಪೆನ್ನು ಅಂಟಿಸಿಟ್ಟರೆ ಚಾರ್ಜ್ ಎಳೆಯುತ್ತದೆ ಸರ್, ಅದಕ್ಕೇ ಅಲ್ಲವೇ ಅಂಟಿಸುವುದು?"

"ತುಂಬಿದ ಮೇಲೂ ಎಳೆಯುತ್ತದೆಯಲ್ಲ?"

"ಕಂಪನಿ ಪೆನ್ನಾದರೆ ಎಳೆಯುವುದಿಲ್ಲ. ನೀವು ಕೊಟ್ಟ ದುಡ್ಡಿಗೆ ಇದು."

"ಹಾಗಾದರೆ ಬ್ಯಾಟರಿ ಏಕೆ ಬದಲಿಸಿದಿರಿ?"

"ನೀವು ಒಪ್ಪಿದಿರಿ, ಹಾಕಿದೆವು. ಹೊಸ ಬ್ಯಾಟರಿ ಒಳ್ಳೆಯದೇ ಅಲ್ಲವೇ ಸರ್?"

ಕೊನೆಯ ಆ ಮಾತು ಈಗಲೂ ಚುಚ್ಚುತ್ತದೆ. ನನಗೇ ಉಪಕಾರ ಮಾಡಿದ ಧಾಟಿ! ಮನೆಗೆ ಬಂದು ಹೇಳಿದರೆ ಹೆಂಡತಿ, "ಹಾಲಿಗೆ ನೀರು ಬೆರೆಸಿದವನ ಹತ್ತಿರವೇ ಹಾಲು ಪರೀಕ್ಷೆ ಮಾಡಿಸಿದಿರಿ" ಎಂದಳು. ಅಷ್ಟೇ ಸರಿ.

ಆದ್ದರಿಂದ ಮಾರಿದವನ ಬಳಿ ದೋಷ ಕೇಳಬೇಡಿ. ಪೆನ್ನು, ಕೀಬೋರ್ಡ್ ಎಲ್ಲ ತೆಗೆದಿಟ್ಟು ಒಂದು ರಾತ್ರಿ, ಒಂದೊಂದನ್ನೇ ಸೇರಿಸಿ ಒಂದೊಂದು ರಾತ್ರಿ ನೋಡಿ. ಕೀಬೋರ್ಡಿಗೆ ಆಫ್ ಗುಂಡಿ ಇದ್ದರೆ ಚೀಲಕ್ಕೆ ಹಾಕುವ ಮುಂಚೆ ಆರಿಸಿ, ಚೀಲದೊಳಗೆ ಕೀಲಿ ಒತ್ತಿ ಪರದೆ ಎಚ್ಚರಗೊಳ್ಳುವುದೂ ಉಂಟು. ಬಿಲ್ಲು ಬಿಡಬೇಡಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅನುಚಿತವೇ. ನನ್ನ ಮೂವತ್ತು ದಿನ ಬ್ಲೂಟೂತ್ ಆರಿಸುವುದರಲ್ಲಿ, ಮಗಳನ್ನು ಬೈಯುವುದರಲ್ಲಿ ಕಳೆದುಹೋಯಿತು. ಆದರೂ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಕೈಯಲ್ಲಿರುವುದು ಆ ಚೀಟಿ ಮತ್ತು ಯುಪಿಐ ದಾಖಲೆ ಮಾತ್ರ. ದಾಖಲೆಯಲ್ಲಿರುವ ಹೆಸರು ಅಂಗಡಿಯದ್ದೂ ಅಲ್ಲ, ಮಾಲೀಕರದ್ದೂ ಅಲ್ಲ.

ಪರದೆ ಬಿಚ್ಚಿ ಮುಚ್ಚಿದಾಗ ಒಳಗೆ ಸೇರಿದ ಒಂದು ಧೂಳಿನ ಕಣ ಎಡಮೂಲೆಯಲ್ಲಿ ಕೂತಿದೆ. ಸಮೀಕರಣ ಬರೆದಾಗಲೆಲ್ಲ ದಶಮಾಂಶ ಬಿಂದುವಿನಂತೆ ಕಾಣುತ್ತದೆ. ಮಕ್ಕಳು ಕೇಳುತ್ತಾರೆ, "ಸರ್, ಅಲ್ಲಿ ಪಾಯಿಂಟ್ ಇದೆಯೇ?"