ಸ್ಟ್ಯಾಟ್ಸ್ ಕ್ಯೂಬ್‌ಗೆ ಲಾಗಿಂಗ್ ಬೇಕಾ?

ಮಂಗಳೂರಿನಲ್ಲಿ ಟಿಎಂ1 (ಬಜೆಟ್, ಯೋಜನೆ ಲೆಕ್ಕಕ್ಕೆ ಬಳಸುವ ಐಬಿಎಂ ಸಾಫ್ಟ್‌ವೇರ್) ಸರ್ವರ್ ನೋಡಿಕೊಳ್ಳುವ ಗೆಳೆಯ ಕೇಳಿದ: ಸ್ಟ್ಯಾಟ್ಸ್ ಕ್ಯೂಬ್‌ಗಳಿಗೆ, ಅಂದರೆ ಸರ್ವರ್ ತನ್ನದೇ ಮೆಮೊರಿ ಬಳಕೆಯಂಥ ಅಂಕಿ ಇಡುವ ಕೋಷ್ಟಕಗಳಿಗೆ, ಲಾಗಿಂಗ್ (ಪ್ರತಿ ಬದಲಾವಣೆಯನ್ನೂ ಫೈಲ್‌ನಲ್ಲಿ ದಾಖಲಿಸುವುದು) ಇಡಲಾ, ತೆಗೆಯಲಾ, ಆ ಅಂಕಿ ಬರೆಯುವ ಪರ್ಫಾರ್ಮೆನ್ಸ್ ಮಾನಿಟರನ್ನೇ ಆಫ್ ಮಾಡಲಾ?

ಡಿಸ್ಕ್ ಲೆಕ್ಕದಲ್ಲಿ ಲಾಗಿಂಗ್ ದುಬಾರಿ. ಪರ್ಫಾರ್ಮೆನ್ಸ್ ಮಾನಿಟರ್ ನಿಮಿಷಕ್ಕೊಮ್ಮೆ ಬರೆಯುವ ಅಂಕಿಗಳೆಲ್ಲ ಟ್ರಾನ್ಸಾಕ್ಷನ್ ಲಾಗ್‌ಗೆ, ಅಂದರೆ ಆ ದಾಖಲೆ ಫೈಲ್‌ಗೆ, ಹೋಗಿ ಬೀಳುತ್ತವೆ. ಆ ರಾಶಿಯಲ್ಲಿ ಬಜೆಟ್ ಅಂಕಿ ಯಾರು ತಿದ್ದಿದರು ಅಂತ ಹುಡುಕುವುದು ತಲೆನೋವು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಸರ್ವರ್ ಬಿದ್ದರೆ? ಸೇವ್ ಆಗದ ಬದಲಾವಣೆಯನ್ನು ಲಾಗ್ ಮರಳಿ ತರುತ್ತದೆ. ಬಜೆಟ್ ಕ್ಯೂಬ್‌ಗೆ ಅದು ಬೇಕೇ ಬೇಕು. ನಿನ್ನೆಯ ಮೆಮೊರಿ ಅಂಕಿ ಮರಳಿ ಬಂದು ಏನಾಗಬೇಕು, ಅಲ್ವಾ? ಕ್ಯೂಬ್‌ಗಳ ಸೆಟ್ಟಿಂಗ್ ಇರುವ ಕ್ಯೂಬ್‌ಪ್ರಾಪರ್ಟೀಸ್‌ನಲ್ಲಿ ಸ್ಟ್ಯಾಟ್ಸ್ ಕ್ಯೂಬ್‌ಗಳ ಲಾಗಿಂಗ್‌ಗೆ ‘ನೋ’ ಹಾಕಿ. ಅಂಕಿಗಳು ಕ್ಯೂಬ್‌ನಲ್ಲಿ ಕಾಣುತ್ತಲೇ ಇರುತ್ತವೆ.

ಸರ್ವರ್ ಯಾಕೆ ಬಿತ್ತು ಅಂತ ಬೆನ್ನು ಹತ್ತಿದ್ದರೆ ಸ್ವಲ್ಪ ದಿನ ಲಾಗಿಂಗ್ ಇರಲಿ. ಸ್ಟ್ಯಾಟ್ಸ್ ಯಾರೂ ನೋಡದ ಸಣ್ಣ ಸರ್ವರ್‌ಗೆ ಮಾನಿಟರ್ ಸುಮ್ನೆ ಯಾಕೆ?