ಗ್ಯಾಲರಿ, ಗಲ್ಲಿಯ ಕಿಲ್ಲೆ, ಬನಶಂಕರಿಯ ಪರದೆ: ಒಂದೇ ದಿನ ರಜೆ ಇದ್ದರೆ ಎಲ್ಲಿಗೆ ಹೋಗಬೇಕು?

ನಮ್ಮ ಆಫೀಸಿಗೆ ಹೊಸದಾಗಿ ಬಂದ ಹುಡುಗಿ ಮೊನ್ನೆ ಕೇಳಿದಳು. "ಅಕ್ಕಾ, ನನಗ ಚಿತ್ರ, ನಾಟಕ ಅಂದ್ರ ಜೀವ. ಈ ಕಡೆ ಏನರ ನೋಡೂದು ಐತೋ, ಇಲ್ಲಾ ಬೆಂಗಳೂರಿಗೇ ಹೋಗಬೇಕೋ?" ಬೆಳಗಾವಿಯಲ್ಲಿ ಇದ್ದುಕೊಂಡು ಇಂಥ ಮಾತು ಕೇಳಿದರೆ ನನಗೆ ಸುಮ್ನೆ ಇರೋಕೆ ಆಗೋದಿಲ್ಲ. ಆದರೆ ಅವಳಿಗೆ ತಿಂಗಳಿಗೆ ಸಿಗುವುದು ಒಂದೋ ಎರಡೋ ರಜೆ. ಉದ್ದನೆಯ ಪಟ್ಟಿ ಕೊಟ್ಟು ಏನು ಉಪಯೋಗ? ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳಬೇಕು, ಅಲ್ವಾ.

ಹೋದ ದೀಪಾವಳಿಯಿಂದ ಹೋಳಿವರೆಗೆ ನಾನು, ಒಂಬತ್ತು ವರ್ಷದ ನನ್ನ ಮಗ, ಕೆಲವು ಸಲ ಬಾಗಲಕೋಟೆಯಲ್ಲಿರುವ ನಮ್ಮ ವೈನಿ (ಅತ್ತಿಗೆ), ಎಲ್ಲ ಸೇರಿ ಸಾಕಷ್ಟು ಸುತ್ತಿದೆವು. ಅವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡುವಾಗ ನಾನು ಕೇಳಿಕೊಂಡಿದ್ದು ಒಂದೇ ಪ್ರಶ್ನೆ. ಮಾಡಿದ ಕೈ ಎಷ್ಟು ಹತ್ತಿರದಿಂದ ಕಂಡಿತು?

ಮೊದಲು ಗ್ಯಾಲರಿ. ಟಿಳಕವಾಡಿಯಲ್ಲಿ ವರೇರಕರ್ ನಾಟ್ಯ ಸಂಘದವರ ಕಲಾ ಗ್ಯಾಲರಿ ಇದೆ, ಕೆ.ಬಿ. ಕುಲಕರ್ಣಿ ಅವರ ಹೆಸರಿನದು. ಕುಲಕರ್ಣಿಯವರು ಬೆಳಗಾವಿಯ ದೊಡ್ಡ ಚಿತ್ರಕಾರರು, ಚಿತ್ರಕಾರ ರವಿ ಪರಾಂಜಪೆಯಂಥವರು ಅವರ ಕೈಯಲ್ಲಿ ಪಳಗಿದವರು. ನಾವು ಹೋದಾಗ ಒಬ್ಬ ಡ್ರಾಯಿಂಗ್ ಮಾಸ್ತರರ ವಾಟರ್ ಕಲರ್ ಚಿತ್ರಗಳು ಇದ್ದವು. ಮಧ್ಯಾಹ್ನದ ಹೊತ್ತು, ಒಳಗೆ ನಾಲ್ಕೇ ಜನ.

ಅದರಲ್ಲಿ ಒಂದು ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಬೆಳಗಾವಿಯ ಮಳೆ. ಇಲ್ಲಿ ಜುಲೈನಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಗೋಡೆಗಳೂ ಹಸಿರಾಗುತ್ತವೆ. ಚಿತ್ರದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಮೆಂತೆ ಪಲ್ಲೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಾಳೆ, ಹಿಂದಿನ ಅಂಗಡಿಗಳೆಲ್ಲ ನೀರಿನಲ್ಲಿ ಕಲಸಿಹೋಗಿವೆ. ದೂರದಿಂದ ಮಳೆಯ ಗೆರೆ ಬೆಳ್ಳಗೆ ಮಿಂಚುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಅಲ್ಲಿ ಬಣ್ಣವೇ ಇಲ್ಲ! ಮಾಸ್ತರರು ಮೂಲೆಯ ಕುರ್ಚಿಯಿಂದ ಎದ್ದು ಬಂದು ಹೇಳಿದರು. "ಬಿಳಿ ಬಣ್ಣ ಮುಟ್ಟಿಲ್ರೀ. ಹಾಳಿ ಒಣಗಿದ ಮ್ಯಾಲ ಬ್ಲೇಡಿಲೆ ಕೆರದೇನಿ." ಪಕ್ಕದಿಂದ ಬೆಳಕು ಬಿದ್ದಾಗ ಕೆರೆದ ಜಾಗದಲ್ಲಿ ಕಾಗದದ ನಾರು ಎದ್ದಿದ್ದು ಕಾಣುತ್ತಿತ್ತು. ಆ ನಾರು ನೋಡಿದ ಮೇಲೆ ಇಡೀ ಚಿತ್ರ ನನಗೆ ಬೇರೆಯಾಗಿ ಕಂಡಿತು.

ಗ್ಯಾಲರಿಯ ಲಾಭ ಇದೇ. ನೂಕುನುಗ್ಗಲು ಇಲ್ಲ, ದುಡ್ಡಿಲ್ಲ, ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಆದರೆ ಮಗ ಅರ್ಧ ಗಂಟೆಗೇ "ಅವ್ವಾ, ಮುಗೀತೇನು?" ಅಂತ ಸೆರಗು ಜಗ್ಗಿದ. ಇನ್ನೊಂದು ಊರಿನ ಸಭಾಭವನದಲ್ಲಿ ನೋಡಿದ ಪ್ರದರ್ಶನದಲ್ಲಂತೂ ಟ್ಯೂಬ್‌ಲೈಟು ನೇರ ಗಾಜಿನ ಮೇಲೆ ಬಿದ್ದು ಚಿತ್ರದ ಬದಲು ನಮ್ಮ ಮುಖವೇ ಕಾಣುತ್ತಿತ್ತು. ಕಲಾವಿದರೂ ಅಲ್ಲಿರಲಿಲ್ಲ. ಹಾಗಾಗಿ ಗ್ಯಾಲರಿಗೆ ಹೋಗುವುದಾದರೆ ಉದ್ಘಾಟನೆಯ ದಿನ ಬಿಟ್ಟು ಮಾರನೇ ದಿನ ಹೋಗಿ. ಉದ್ಘಾಟನೆಯಲ್ಲಿ ಹಾರ, ಭಾಷಣ ಜಾಸ್ತಿ. ಮಾರನೇ ದಿನ ಕಲಾವಿದರು ಒಬ್ಬರೇ ಕೂತಿರುತ್ತಾರೆ, ಕೇಳಿದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಇದಕ್ಕೆ ಎದುರಾಗಿ ದೀಪಾವಳಿಯ ಕಿಲ್ಲೆಗಳನ್ನು ಇಡುತ್ತೇನೆ. ಹೊರಗಿನವರಿಗೆ ಇದು ಗೊತ್ತೇ ಇರುವುದಿಲ್ಲ. ದೀಪಾವಳಿ ಬಂತೆಂದರೆ ಶಹಾಪುರ, ವಡಗಾವಿ, ಅನಗೋಳದ ಗಲ್ಲಿಗಳಲ್ಲಿ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ. ಮರಾಠಿ ಮನೆಗಳಿಂದ ಬಂದ ರೂಢಿ. ಈಗ ಗಲ್ಲಿಯ ಎಲ್ಲ ಹುಡುಗರೂ ಕೈ ಹಾಕುತ್ತಾರೆ. ಅರ್ಧ ಮಾತು ಮರಾಠಿ, ಅರ್ಧ ಕನ್ನಡ, ಮೊಣಕೈವರೆಗೆ ಕೆಸರು.

ಕಟ್ಟುವ ರೀತಿ ನೋಡಬೇಕು ನೀವು. ಮೊದಲು ಕಲ್ಲು, ಒಡೆದ ಇಟ್ಟಿಗೆ ಪೇರಿಸಿ ಗುಡ್ಡದ ಆಕಾರ ತರುತ್ತಾರೆ. ಆಮೇಲೆ ಗೋಣಿಚೀಲವನ್ನು ತೆಳ್ಳಗೆ ಕಲಸಿದ ಕೆಂಪು ಮಣ್ಣಿನಲ್ಲಿ ಅದ್ದಿ ಅದರ ಮೇಲೆ ಹೊದಿಸುತ್ತಾರೆ. ಗೋಣಿಯ ಮಡಿಕೆಗಳೇ ಗುಡ್ಡದ ಕೊರಕಲು ಆಗುತ್ತವೆ. ಅದರ ಮೇಲೆ ಸಾಸಿವೆ ಚೆಲ್ಲಿ ದಿನಾ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಗುಡ್ಡದ ತುಂಬಾ ಹಸಿರು. ಮೇಲೆ ಬುರುಜು, ಬಾಗಿಲು, ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಸುತ್ತ ಪೇಟೆಯಿಂದ ತಂದ ಮಣ್ಣಿನ ಸೈನಿಕರು.

ಹೆಚ್ಚಿನವರು ಪ್ರತಾಪಗಡ, ಸಿಂಧುದುರ್ಗ ಕಟ್ಟುತ್ತಾರೆ. ವಡಗಾವಿಯ ಒಂದು ಗಲ್ಲಿಯ ಹುಡುಗರು ಮಾತ್ರ ಇಲ್ಲೇ ಹತ್ತಿರದ ಯಳ್ಳೂರಿನ ರಾಜಹಂಸಗಡ ಕಟ್ಟಿದ್ದರು. ಸೈಕಲ್ ಮೇಲೆ ಎರಡು ಸಲ ಹೋಗಿ ನೋಡಿ ಬಂದಿದ್ದರಂತೆ. ಒಬ್ಬ ಹುಡುಗ ಐಸ್‌ಕ್ರೀಂ ಕಡ್ಡಿಯ ತುದಿಯಿಂದ ಹಸಿ ಮಣ್ಣಿನಲ್ಲಿ ಮೆಟ್ಟಿಲು ಒತ್ತುತ್ತಿದ್ದ. ಒಂದು ಒತ್ತು, ಕಡ್ಡಿ ನೀರಿನಲ್ಲಿ ಅದ್ದು, ಮತ್ತೊಂದು ಒತ್ತು. ಕಡ್ಡಿ ಒಣಗಿದ್ದರೆ ಮಣ್ಣು ಅಂಟಿಕೊಂಡು ಮೇಲೆ ಬರುತ್ತದೆ ಅಂತ ನನ್ನ ಮಗನಿಗೆ ಹೇಳಿಕೊಟ್ಟ. ಗ್ಯಾಲರಿಯಲ್ಲಿ ಅರ್ಧ ಗಂಟೆಗೆ ಸೆರಗು ಜಗ್ಗಿದವನು ಇಲ್ಲಿ ಸಂಜೆಯ ಮೂರು ತಾಸು ಕುಕ್ಕರುಗಾಲಿನಲ್ಲಿ ಕೂತ. ಹದಿನಾಲ್ಕು ಮೆಟ್ಟಿಲು ಅವನದೇ.

ಕಿಲ್ಲೆಗಳ ತೊಂದರೆ ಅಂದರೆ ಎಲ್ಲಿವೆ ಅಂತ ಯಾರೂ ಹೇಳುವುದಿಲ್ಲ. ಕಾಲ್ನಡಿಗೆಯಲ್ಲಿ ಗಲ್ಲಿ ಗಲ್ಲಿ ಸುತ್ತಬೇಕು, ಗಾಡಿ ತಂದರೆ ತಪ್ಪಿಹೋಗುತ್ತವೆ. ಇರುವುದೂ ಹಬ್ಬದ ನಾಲ್ಕೈದು ದಿನ. ನಡುವೆ ಮಳೆ ಬಂದರೆ ಅಷ್ಟೂ ಇಲ್ಲ. ಆದರೂ ಗ್ಯಾಲರಿ ಮತ್ತು ಕಿಲ್ಲೆ ಎರಡರಲ್ಲಿ ಒಂದು ಅಂದರೆ, ಮಕ್ಕಳಿರುವವರಿಗೆ ಎರಡನೇ ಮಾತಿಲ್ಲದೆ ಕಿಲ್ಲೆ. ಒಬ್ಬರೇ ಹೋಗುವವರಿಗೆ, ಬಣ್ಣದ ಕೆಲಸ ಕಲಿಯಬೇಕು ಅನ್ನುವವರಿಗೆ ಗ್ಯಾಲರಿ.

ಇನ್ನು ಬನಶಂಕರಿ. ಇದನ್ನು ನಾನು ಬೇರೆ ಯಾವುದಕ್ಕೂ ಬಿಟ್ಟುಕೊಡುವುದಿಲ್ಲ. ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ, ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ತೇರು. ಹಿಂದಿನ ದಿನ ಪಲ್ಲೇದ ಹಬ್ಬ, ದೇವಿಗೆ 108 ಬಗೆಯ ತರಕಾರಿಯ ನೈವೇದ್ಯ. ಜಾತ್ರೆ ತಿಂಗಳ ತನಕ ನಡೆಯುತ್ತದೆ, ಆ ತಿಂಗಳೆಲ್ಲ ವೃತ್ತಿ ನಾಟಕ ಕಂಪನಿಗಳು ಅಲ್ಲೇ ಠಿಕಾಣಿ ಹೂಡುತ್ತವೆ. ತಗಡಿನ ಥಿಯೇಟರುಗಳು ಸಾಲಾಗಿ ಎದ್ದು ನಿಲ್ಲುತ್ತವೆ, ಒಂದರ ಮೈಕು ಇನ್ನೊಂದಕ್ಕೆ ಕೇಳುತ್ತದೆ. ವರ್ಷದ ಸಾಲವೆಲ್ಲ ಈ ಜಾತ್ರೆಯಲ್ಲೇ ತೀರಬೇಕು ಅಂತ ಕಂಪನಿಯವರೇ ಹೇಳುತ್ತಾರೆ.

ವೈನಿ ಮತ್ತು ನಾನು ಒಂದೇ ರಾತ್ರಿಯಲ್ಲಿ ಎರಡು ನಾಟಕ ನೋಡಿದೆವು. ಮೊದಲನೆಯದರಲ್ಲಿ ನಗು ಜಾಸ್ತಿ, ಕಥೆ ಕಡಿಮೆ. ಎರಡು ಅರ್ಥದ ಮಾತುಗಳೂ ಸಾಕಷ್ಟಿದ್ದವು, ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ. ಎರಡನೆಯದು ಹಳೇ ಪದ್ಧತಿಯ ನಾಟಕ. ತಾಯಿ ಪಾತ್ರದ ನಟಿ ಮೈಕಿನ ಕೆಳಗೆ ನಿಂತು ಹಾಡು ಎತ್ತಿಕೊಂಡಾಗ ಹಿಂದಿನ ಸಾಲಿನ ಗಂಡಸರೆಲ್ಲ ಮಾತು ನಿಲ್ಲಿಸಿದರು. ಹಾಡು ಮುಗಿದ ಕೂಡಲೇ "ಒನ್ಸ್ ಮೋರ್!" ಅವಳು ಮತ್ತೆ ಹಾಡಿದಳು, ಎರಡನೇ ಸಲ ನಿಧಾನವಾಗಿ.

ಆದರೆ ನನ್ನ ಕಣ್ಣು ಇದ್ದದ್ದು ಪರದೆಗಳ ಮೇಲೆ. ದರ್ಬಾರಿನ ಪರದೆ, ಕಾಡಿನ ಪರದೆ, ರಸ್ತೆಯ ಪರದೆ. ರಸ್ತೆಯ ಪರದೆಯಲ್ಲಿ ಎರಡೂ ಕಡೆ ಬಂಗಲೆಗಳು, ದೀಪದ ಕಂಬಗಳು ಸಣ್ಣದಾಗುತ್ತ ಆಗುತ್ತ ದೂರಕ್ಕೆ ಓಡುತ್ತವೆ. ಬರೀ ಹತ್ತು ಹೆಜ್ಜೆ ಆಳದ ರಂಗ, ನೋಡುವವರಿಗೆ ಒಂದು ಫರ್ಲಾಂಗ್ ರಸ್ತೆ. ನಾಟಕ ಮುಗಿದ ಮೇಲೆ ಧೈರ್ಯ ಮಾಡಿ ಹಿಂದೆ ಹೋಗಿ ಕೇಳಿದೆ. ಪರದೆ ಸುತ್ತುತ್ತಿದ್ದ ಅಜ್ಜ ಬೇಡ ಅನ್ನಲಿಲ್ಲ. "ಮುಟ್ಟಿ ನೋಡ್ರಿ ತಂಗಿ, ನಿಮ್ಮಂಗ ಕೇಳಾವ್ರು ಯಾರದಾರ?" ಅಂದ. ದಪ್ಪ ಬಟ್ಟೆ, ಬಣ್ಣ ಪುಡಿಪುಡಿಯಾಗಿ ಬೆರಳಿಗೆ ಹತ್ತಿತು. ಕೆಳಗಿನ ಅಂಚಿನಲ್ಲಿ ಬಿದಿರಿಗೆ ಸುತ್ತಿ ಸುತ್ತಿ ರಸ್ತೆಯ ಬಣ್ಣ ಹೋಗಿ ಬಿಳಿ ಬಟ್ಟೆ ಕಾಣುತ್ತಿತ್ತು, ಅದರ ಮೇಲೆ ಯಾರೋ ಬೇರೆ ಕೈ ಹೊಸ ಬಣ್ಣ ತುಂಬಿತ್ತು. ಹಳೇ ಕೈಯ ನೆರಳು ನೀಲಿ, ಹೊಸ ಕೈಯ ನೆರಳು ಬರೀ ಕಪ್ಪು. ಇಷ್ಟು ದೊಡ್ಡ ಚಿತ್ರ, ಹೆಸರು ಬರೆದಿಲ್ಲ. ಗ್ಯಾಲರಿಯಲ್ಲಿ ಅಂಗೈಯಗಲದ ಚಿತ್ರದ ಕೆಳಗೂ ಹೆಸರು, ಬೆಲೆ ಇರುತ್ತದೆ. ಇವನ್ನು ಬರೆದವರ ಹೆಸರನ್ನು ಯಾರಾದರೂ ಕೇಳಿ ಬರೆದಿಡಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಬೆಳಗಾವಿಯಿಂದ ದೂರ, ನಿದ್ದೆ ಇಲ್ಲ, ಚಳಿ. ಶಾಲು ತಗೊಂಡು ಹೋಗಿ. ಬೆಳಿಗ್ಗೆ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಹತ್ತಿರ ಖಡಕ್ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ತಿಂದರೆ ರಾತ್ರಿಯ ದಣಿವು ಹೋಗುತ್ತದೆ.

ಇಳಕಲ್ಲಿನದು ಬೇರೆ ತರದ ಹೋಲಿಕೆ. ಒಂದು ಊರಿನ ಮಾರಾಟ ಮೇಳದಲ್ಲಿ ಕೈಮಗ್ಗದ್ದು ಅಂತ ಹೇಳಿ ನನಗೆ ಇಳಕಲ್ ಸೀರೆ ಕೊಟ್ಟರು. ಅದನ್ನೇ ಉಟ್ಟುಕೊಂಡು ಇಳಕಲ್ಲಿನ ನೇಕಾರರ ಮನೆಗೆ ಹೋದೆ. ಆ ಮನೆಯ ಅವ್ವ ಸೆರಗು ಹಿಡಿದು ತಿರುವಿ ನೋಡಿ, "ಇದರಾಗ ಕೊಂಡಿ ಎಲ್ಲದಾವ ಬೇ?" ಅಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಅವರು ಮಗ್ಗದ ಮೇಲಿದ್ದ ಸೀರೆಯಲ್ಲಿ ತೋರಿಸಿದರು, ಕೆಂಪು ರೇಷ್ಮೆಯ ಸೆರಗು ಶುರುವಾಗುವ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಕೊಂಡಿಗಳ ಸಾಲು. ನನ್ನದರಲ್ಲಿ ಇರಲಿಲ್ಲ. ಆಮೇಲೆ ಸೆರಗಿನ ಬಿಳಿ ವಿನ್ಯಾಸದ ಮೇಲೆ ಬೆರಳಾಡಿಸುತ್ತ ಇದು ಹಣಿಗೆ, ಇದು ಕೋಟೆ, ಇದು ಜೋಳದ ತೆನೆ ಅಂತ ಹೇಳಿದರು. ಮೇಳಕ್ಕೆ ಹೋಗಬೇಡಿ ಅನ್ನುವುದಿಲ್ಲ, ಹತ್ತಾರು ಕಡೆಯ ಕೆಲಸ ಒಂದೇ ಸೂರಿನಡಿ ಸಿಗುತ್ತದೆ. ಆದರೆ ಒಂದು ಸಲ ಮಗ್ಗದ ಮನೆ ನೋಡಿ, ಆಮೇಲೆ ಮೇಳಕ್ಕೆ ಹೋಗಿ.

ವಿಜಯಪುರದ ಗೋಳಗುಮ್ಮಟದ ಮುಂದೆ ನಗಾರಖಾನೆಯಲ್ಲಿ, ಅಂದರೆ ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿ, ಮ್ಯೂಸಿಯಂ ಇದೆ. ಗುಮ್ಮಟದೊಳಗೆ ಕೂಗಿ ಬರುವ ಜನ ಇದನ್ನು ದಾಟಿಕೊಂಡೇ ಹೋಗಿಬಿಡುತ್ತಾರೆ. ಶಾಸನ, ಶಿಲ್ಪ, ಆಯುಧ, ಆದಿಲ್‌ಶಾಹಿ ಕಾಲದ ಸಣ್ಣ ಚಿತ್ರಗಳು. ಶುಕ್ರವಾರ ಮುಚ್ಚಿರುತ್ತದೆ. ಕೇಳಿದ್ದಕ್ಕೆ ಉತ್ತರ ಹೇಳುವ ಕೈ ಇಲ್ಲಿ ಇಲ್ಲ, 400 ವರ್ಷ ಆಗಿಹೋಯಿತು. ತಂಪಾದ ಕಲ್ಲುಕಟ್ಟಡದಲ್ಲಿ ಸಮಾಧಾನವಾಗಿ ನೋಡಬಹುದು, ಬೇಸಿಗೆಗೆ ಅಷ್ಟೇ ಸಾಕು.

ಬಾಗಲಕೋಟೆಯ ಹೋಳಿ ಬಗ್ಗೆ ಎಲ್ಲರೂ ಬಣ್ಣದ ಮಾತೇ ಆಡುತ್ತಾರೆ, ಬ್ಯಾರಲ್ ತುಂಬಿದ ಬಣ್ಣದ ಬಂಡಿ ನೋಡುವಂಥದ್ದೇ. ನಾನು ಹೇಳುವುದು ಸೋಗಿನ ಬಂಡಿ ಮತ್ತು ಬಾರಿಸುವ ಚರ್ಮದ ಹಲಗೆ. ಓಣಿಯವರು ವೇಷ ಕಟ್ಟಿ ಬಂಡಿ ಏರುತ್ತಾರೆ. ಕಿಲ್ಲಾ ಓಣಿಯಲ್ಲಿ ಹುಲ್ಲು ಉರಿಸಿ ಹಲಗೆ ಕಾಸುತ್ತಾರೆ, ಚರ್ಮ ಬಿಗಿಯಾಗುವವರೆಗೆ ಬೆರಳಿನಿಂದ ತಟ್ಟಿ ತಟ್ಟಿ ಕೇಳುತ್ತಾರೆ. ಜನಸಂದಣಿ ವಿಪರೀತ. ವೈನಿಯ ಪರಿಚಯದವರ ಮಾಳಿಗೆಯ ಮೇಲೆ ಜಾಗ ಸಿಕ್ಕಿತು ಅಂತ ನಾನು ನೋಡಿದೆ. ಗುರುತಿನವರು ಇಲ್ಲದಿದ್ದರೆ ಹೆಣ್ಣುಮಕ್ಕಳು ಒಬ್ಬರೇ ಹೋಗೋದು ಬೇಡ.

ಆ ಹುಡುಗಿಗೆ ಹೇಳಿದ್ದು ಇಷ್ಟು. ಒಂದೇ ರಜೆ ಅಂದರೆ ಬನಶಂಕರಿ, ಅದೂ ತೇರಿನ ದಿನ ಬೇಡ, ಒಂದು ವಾರ ಬಿಟ್ಟು. ಎರಡನೇ ರಜೆ ಸಿಕ್ಕರೆ ಇಳಕಲ್. ಗ್ಯಾಲರಿಗೆ ರಜೆಯೇ ಬೇಡ, ಆಫೀಸು ಬಿಟ್ಟ ಮೇಲೆ ಹೋಗಬಹುದು, ನಾನೇ ಕರೆದುಕೊಂಡು ಹೋಗುತ್ತೇನೆ. ಕಿಲ್ಲೆ ನೋಡಲು ದೀಪಾವಳಿಗೆ ನಮ್ಮ ಮನೆಗೇ ಬಾ ಅಂದಿದ್ದೇನೆ. ಮಗ ಈ ಸಲ ನಮ್ಮ ಅಂಗಳದಲ್ಲೇ ಕಟ್ಟುತ್ತಾನಂತೆ, ಎರಡು ಗೋಣಿಚೀಲ ಈಗಲೇ ತೆಗೆದಿಟ್ಟಿದ್ದಾನೆ.